ಮಗುವಿನ ತಲೆನೋವು, ತಾಯಿಯ ಕೂಲಿ

ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಶೆಟ್ಟಿಹಳ್ಳಿಗೆ ಇಂದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಫ್ರೆಂಚ್ ಪಾದ್ರಿಗಳ ಕಾಲದ ಹಳೆಯ ಚರ್ಚು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವುದನ್ನು ನೋಡುತ್ತಾರೆ, ಫೋಟೋ ಹಿಡಿಯುತ್ತಾರೆ, ಹೊರಟುಹೋಗುತ್ತಾರೆ. ಗೊರೂರಿನ ಬಳಿ ಅಣೆಕಟ್ಟು ಎದ್ದಾಗ ಮುಳುಗಿದ್ದು ಚರ್ಚು ಒಂದೇ ಅಲ್ಲ. ಗದ್ದೆ ಮುಳುಗಿತು, ತೋಟ ಮುಳುಗಿತು, ಮನೆಯ ಹೊಸ್ತಿಲು ಮುಳುಗಿತು. ನಾಡಿಗೆ ನೀರಾಗಲಿ ಎಂದು ಊರು ಬಿಟ್ಟುಕೊಟ್ಟ ಜನರ ಮಕ್ಕಳು ಮೊಮ್ಮಕ್ಕಳು ಇಂದು ಹಾಸನದ ಗಿರಣಿಗಳಲ್ಲಿ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಕೆಲವರು ಸಂತೆಯಲ್ಲಿ ಅಂಗಡಿ ಇಟ್ಟಿದ್ದಾರೆ.

ಆ ಸೀಮೆಯಲ್ಲಿ ನಡೆದ ನಮ್ಮ ಒಂದು ಸಭೆಯಲ್ಲಿ, ಭಾಷಣಗಳೆಲ್ಲ ಮುಗಿದ ಮೇಲೆ, ಹಿಂದಿನ ಸಾಲಿನಿಂದ ಒಬ್ಬ ಕೂಲಿಗಾರ ಸೋದರಿ ಎದ್ದು ನಿಂತು ಕೇಳಿದರು: "ಮೇಷ್ಟ್ರೇ, ಮಗೀಗೆ ದೊಡ್ಡ ಕಾಯಿಲೆ ಬಂದ್ರೆ ಇ.ಎಸ್.ಐ. ಔಷಧಿ ಕೊಡ್ತದೆ, ಸರಿ. ಮಗೀನ ಪಕ್ಕ ತಿಂಗಳುಗಟ್ಟಲೆ ಕೂತ್ಕೊಳ್ಳೋ ತಾಯಿಗೆ ಸಂಬಳ ಯಾರು ಕೊಡ್ತಾರೆ?"

ಸಭೆ ಸುಮ್ಮನಾಯಿತು. ವೇದಿಕೆಯ ಮೇಲಿದ್ದ ನಮಗೂ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಸೋದರಿಗೆ ನಾನು ಕೊಡಬೇಕಾಗಿದ್ದ ಉತ್ತರ. ಅದಕ್ಕಾಗಿ ಒಂದು ರೋಗದ ವಿಷಯ ಹೇಳಬೇಕು. ಅದಕ್ಕೂ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು.

ಬೆಂಚಿನ ಮೇಲೆ ನಿಂತ ಹುಡುಗ

ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಹುಡುಗ. ಒಂದು ಶ್ರಾವಣದಿಂದ ಈಚೆಗೆ ಅವನ ಅಕ್ಷರ ಗೆರೆ ಬಿಟ್ಟು ಕೆಳಗಿಳಿಯತೊಡಗಿತು. ಬೆಳಿಗ್ಗೆ ಎದ್ದರೆ ತಲೆನೋವು, ವಾಂತಿ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಗೆಲುವು. ಶಾಲೆ ತಪ್ಪಿಸುವ ನೆಪ ಎಂದುಕೊಂಡೆ. ಕರೆದರೆ ಓಗೊಡುತ್ತಿರಲಿಲ್ಲ, ಸೊಕ್ಕು ಎಂದುಕೊಂಡೆ. ಒಂದು ದಿನ ಬೆಂಚಿನ ಮೇಲೆ ನಿಲ್ಲಿಸಿದೆ. ನಿಂತವನು ಓಲಾಡಿದ. ಹುಡುಗರು ನಕ್ಕರು. ನಾನು ಗದರಿಸಿದೆ.

ಮನೆಯವರು ಮೊದಲು ಕನ್ನಡಕ ಹಾಕಿಸಿದರು. ಆಮೇಲೆ ಜಂತುಹುಳುವಿನ ಔಷಧಿ. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿದರು. ಒಂದು ವಾರ ತಲೆನೋವು ಪೂರಾ ಇಳಿಯಿತು, ದೇವರಿಗೆ ಹರಕೆ ತೀರಿಸಿ ಬಂದರು. ಎರಡನೆಯ ವಾರ ತರಗತಿಯಲ್ಲೇ ಫಿಟ್ಸ್ ಬಂತು. ಬೆಂಗಳೂರಿಗೆ ಕೊಂಡೊಯ್ಯುವಾಗ ಎರಡು ತಿಂಗಳು ಕಳೆದಿತ್ತು. ಮೆದುಳಿನಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಗಡ್ಡೆ ಎಂದರು. ಹುಡುಗ ಉಳಿಯಲಿಲ್ಲ.

ಕರ್ಮದ ದಿನ ಅವನ ತಾಯಿ ನನ್ನನ್ನು ಹಿತ್ತಿಲಿಗೆ ಕರೆದು ಮೆಲ್ಲನೆ ಹೇಳಿದರು: ಮಗುವಿಗೆ ಹುಟ್ಟಿನಿಂದಲೇ ಎಚ್.ಐ.ವಿ. ಸೋಂಕು ಇತ್ತು. ಸರ್ಕಾರಿ ಔಷಧಿ ಪುಕ್ಕಟೆ ಸಿಗುತ್ತಿತ್ತು. ಆದರೆ ಔಷಧಿಯ ಸಾಲಿನಲ್ಲಿ ನಿಂತದ್ದನ್ನು ಊರಿನವರು ಯಾರೋ ಕಂಡಂತಾಯಿತು. ಅದೂ ಅಲ್ಲದೆ ತಿಂಗಳಿಗೊಂದು ದಿನದ ಸಂಬಳವೂ ಹೋಗುತ್ತಿತ್ತು. ಒಂದು ವರ್ಷದಿಂದ ಬಿಟ್ಟುಬಿಟ್ಟಿದ್ದರು.

ಆ ಹುಡುಗನನ್ನು ಕೊಂದದ್ದು ಯಾವುದು? ಗಡ್ಡೆಯೇ? ಹೌದು. ಗಡ್ಡೆ ಒಂದೇ ಏನು?

ಕಾವಲುಗಾರನೇ ಕಳ್ಳನಾದಾಗ

ನಮ್ಮ ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಒಂದು ಜಾತಿ ಉಂಟು. ಅವು ಊರಿನ ಕಾವಲುಗಾರರಿದ್ದಂತೆ. ಈ ಕಾವಲುಗಾರರೇ ಕಟ್ಟು ತಪ್ಪಿ ಮಿತಿಮೀರಿ ಬೆಳೆದರೆ ಬರುವ ಕ್ಯಾನ್ಸರೇ ಲಿಂಫೋಮಾ. ಸಾಧಾರಣವಾಗಿ ಅದು ಕತ್ತು, ಕಂಕುಳು, ಹೊಟ್ಟೆಯ ಗ್ರಂಥಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಮೆದುಳಿನಲ್ಲೇ ಮೊದಲು ಹುಟ್ಟುತ್ತದೆ. ಆರೋಗ್ಯವಂತ ಮಕ್ಕಳಲ್ಲಿ ಇದು ಬಹಳ ಅಪರೂಪ. ಆದರೆ ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಲ್ಲಿ ಇದರ ಅಪಾಯ ಹೆಚ್ಚು.

ಯಾರು ಈ ಮಕ್ಕಳು? ತಾಯಿಯಿಂದ ಎಚ್.ಐ.ವಿ. ಪಡೆದು ಹುಟ್ಟಿ, ಸರಿಯಾಗಿ ಔಷಧಿ ಸಿಗದವರು. ಮೂತ್ರಪಿಂಡ, ಯಕೃತ್ತು ಮುಂತಾದ ಅಂಗಗಳ ಕಸಿ ಮಾಡಿಸಿಕೊಂಡು, ಕಸಿ ನಿಲ್ಲಲೆಂದು ನಿರೋಧಕ ಶಕ್ತಿಯನ್ನು ತಗ್ಗಿಸುವ ಗುಳಿಗೆ ತಿನ್ನುತ್ತಿರುವವರು. ಹುಟ್ಟಿನಿಂದಲೇ ನಿರೋಧಕ ಶಕ್ತಿಯಲ್ಲಿ ಕೊರತೆ ಇರುವವರು.

ಇದರ ಹಿಂದೆ ಬಹುಪಾಲು ಒಂದು ವೈರಾಣುವಿನ ಕೈವಾಡವಿದೆ. 1958ರಲ್ಲಿ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ಆಫ್ರಿಕಾದ ಉಗಾಂಡಾದಲ್ಲಿ ಬಡಮಕ್ಕಳ ದವಡೆಯಲ್ಲಿ ಬರುತ್ತಿದ್ದ ಒಂದು ಬಗೆಯ ಗಡ್ಡೆಯ ಬಗ್ಗೆ ಬರೆದರು. ಆ ಗಡ್ಡೆಯ ಜೀವಕಣಗಳನ್ನು ಲಂಡನ್ನಿನಲ್ಲಿ ಪರೀಕ್ಷಿಸಿದ ಎಪ್‌ಸ್ಟೀನ್, ಅಚಾಂಗ್, ಬಾರ್ ಎಂಬ ಮೂವರು 1964ರಲ್ಲಿ ಅವುಗಳೊಳಗೆ ಒಂದು ಹೊಸ ವೈರಾಣುವನ್ನು ಕಂಡರು. ಅದೇ ಎಪ್‌ಸ್ಟೀನ್-ಬಾರ್ ವೈರಾಣು. ಇದು ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಪ್ರಪಂಚದ ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಮೈಯಲ್ಲಿ ಇದು ಜೀವನಪೂರ್ತಿ ಮಲಗಿರುತ್ತದೆ. ಕಾವಲು ಬಲವಾಗಿರುವ ತನಕ ತೊಂದರೆ ಇಲ್ಲ. ಕಾವಲು ಕುಸಿದರೆ, ತಾನು ಅಡಗಿ ಕೂತ ಬಿಳಿಕಣಗಳನ್ನೇ ಹುಚ್ಚೆಬ್ಬಿಸಿ ಬೆಳೆಸುತ್ತದೆ. ಎಚ್.ಐ.ವಿ.ಯಿಂದ ನಿರೋಧಕ ಶಕ್ತಿ ಕುಸಿದವರ ಮೆದುಳಿನ ಲಿಂಫೋಮಾಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಈ ವೈರಾಣು ಸಿಕ್ಕಿದೆ.

ಒಂದು ಮಾತು ಸ್ಪಷ್ಟವಾಗಲಿ. ಈ ಕ್ಯಾನ್ಸರ್ ಒಂದು ಮಗುವಿನಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಎಚ್.ಐ.ವಿ. ಕೂಡ ಜೊತೆಯಲ್ಲಿ ಕೂತರೆ, ಉಂಡರೆ, ಆಡಿದರೆ ಅಂಟುವುದಿಲ್ಲ. ಅಂಥ ಮಗುವನ್ನು ಬೇರೆ ಕೂಡಿಸುವ ಮೇಷ್ಟ್ರು, ಅಂಥ ತಾಯಿಯನ್ನು ಕೆಲಸದಿಂದ ತೆಗೆಯುವ ಮಾಲೀಕ, ಇಬ್ಬರೂ ತಪ್ಪಿತಸ್ಥರು. ಇದು ನನ್ನ ಮಾತಲ್ಲ. 2017ರಲ್ಲಿ ಪಾರ್ಲಿಮೆಂಟು ಮಾಡಿದ ಕಾನೂನಿನ ಮಾತು. ಸೋಂಕಿತರನ್ನು ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಭೇದ ಮಾಡಕೂಡದು, ಅವರ ಗುಟ್ಟನ್ನು ಬಯಲು ಮಾಡಕೂಡದು ಎಂದು ಆ ಕಾನೂನು ಹೇಳುತ್ತದೆ.

ತಡವೇ ಮುಖ್ಯ ಶತ್ರು

ರೋಗದ ಲಕ್ಷಣಗಳನ್ನು ಪ್ರತಿಯೊಬ್ಬ ತಾಯಿತಂದೆಯೂ ಪ್ರತಿಯೊಬ್ಬ ಉಪಾಧ್ಯಾಯನೂ ತಿಳಿದಿರಬೇಕು. ದಿನೇ ದಿನೇ ಹೆಚ್ಚುವ ತಲೆನೋವು, ಅದರಲ್ಲೂ ಬೆಳಗಿನ ತಲೆನೋವು ಮತ್ತು ವಾಂತಿ, ಫಿಟ್ಸ್, ಒಂದು ಕೈ ಅಥವಾ ಕಾಲು ಸೋಲುವುದು, ನಡೆಯುವಾಗ ಓಲಾಟ, ಒಂದು ವಸ್ತು ಎರಡಾಗಿ ಕಾಣುವುದು, ಚೂಟಿ ಮಗು ಮಂಕಾಗುವುದು, ಸ್ವಭಾವ ಬದಲಾಗುವುದು. ಇವೆಲ್ಲ ಲಿಂಫೋಮಾವೇ ಎಂದಲ್ಲ. ನಮ್ಮ ದೇಶದಲ್ಲಿ ಕ್ಷಯದ ಗಂಟು, ಮೆದುಳಿನ ಬೇರೆ ಸೋಂಕುಗಳು ಇದಕ್ಕಿಂತ ಎಷ್ಟೋ ಹೆಚ್ಚು. ತೊಡಕು ಇರುವುದೂ ಇಲ್ಲೇ. ಸ್ಕ್ಯಾನಿನ ಚಿತ್ರದಲ್ಲಿ ಕ್ಷಯದ ಗಂಟು, ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕು, ಲಿಂಫೋಮಾ ಮೂರೂ ಒಂದರಂತೆ ಒಂದು ಕಾಣಬಹುದು. ಎಂ.ಆರ್.ಐ. ಬೇಕು, ಅಪಾಯವಿಲ್ಲವೆಂದು ಕಂಡರೆ ಬೆನ್ನುಹುರಿಯ ನೀರನ್ನು ತೆಗೆದು ಪರೀಕ್ಷಿಸಬೇಕು, ಎಷ್ಟೋ ವೇಳೆ ತಲೆಬುರುಡೆಗೆ ಸಣ್ಣ ರಂಧ್ರ ಮಾಡಿ ಗಡ್ಡೆಯ ಚೂರು ತೆಗೆದು ನೋಡಬೇಕು. ಕ್ಷಯದ ಔಷಧಿ ಕೊಟ್ಟು ಕಾದು ನೋಡುವುದರಲ್ಲೇ ವಾರಗಳು ಕಳೆದುಹೋಗುವುದುಂಟು.

ಇನ್ನೊಂದು ಮೋಸವಿದೆ. ಸ್ಟಿರಾಯ್ಡ್ ಎಂಬ ಔಷಧಿ ಕೊಟ್ಟರೆ ಈ ಗಡ್ಡೆ ಕೆಲವು ದಿನ ಕುಗ್ಗುತ್ತದೆ. ತಲೆನೋವು ಮಾಯವಾಗುತ್ತದೆ. ಆಮೇಲೆ ಚೂರು ತೆಗೆದು ಪರೀಕ್ಷೆ ಮಾಡಿದರೂ ಎಷ್ಟೋ ಸಲ ರೋಗ ಸಿಕ್ಕಿಬೀಳುವುದಿಲ್ಲ. ನಮ್ಮ ಹುಡುಗನಿಗೆ ಹಾಕಿದ ಸೂಜಿ ಯಾವುದೋ ನಾನರಿಯೆ. ಆ ಒಂದು ವಾರದ ಗೆಲುವು ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತದೆ. ಮೆದುಳಿನ ಊತ ಪ್ರಾಣಕ್ಕೇ ಬಂದಾಗ ಈ ಔಷಧಿಯೇ ಪ್ರಾಣ ಉಳಿಸುವುದೂ ಉಂಟು. ಆದ್ದರಿಂದ ಅದು ಬೇಕೋ ಬೇಡವೋ ಎಂಬುದನ್ನು ತಿಳಿದ ವೈದ್ಯರೇ ನಿರ್ಧರಿಸಬೇಕು. ವೈದ್ಯರು ಕೊಟ್ಟದ್ದನ್ನು ನೀವಾಗಿ ಥಟ್ಟನೆ ನಿಲ್ಲಿಸಲೂ ಬಾರದು. ಆದರೆ ನಿರೋಧಕ ಶಕ್ತಿ ಕುಂದಿದ ಮಗುವಿನ ತಲೆನೋವು ಒಂದು ಸೂಜಿಗೆ ಇಳಿಯಿತೆಂದು ಹರಕೆ ತೀರಿಸಿ ಕೂರಬೇಡಿ. ಸ್ಕ್ಯಾನು ಎಲ್ಲಿ ಎಂದು ಕೇಳಿ.

ಔಷಧಿ ಯಾರ ಸ್ವತ್ತು?

ಇದಕ್ಕೆ ಮದ್ದಿಲ್ಲವೇ? ಇದೆ. ಮೆದುಳಿನ ಸುತ್ತ ಇರುವ ತಡೆಗೋಡೆಯನ್ನು ದಾಟಿ ಹೋಗಬಲ್ಲ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್. ಅದನ್ನು ಬಹಳ ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಹರಿಸಿ, ಆಮೇಲೆ ಲ್ಯೂಕೊವೊರಿನ್ ಎಂಬ ಇನ್ನೊಂದು ಔಷಧಿ ಕೊಟ್ಟು ಮೈಯ ಒಳ್ಳೆಯ ಜೀವಕಣಗಳನ್ನು ಕಾಪಾಡುತ್ತಾರೆ. ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ಮತ್ತೆ ಮತ್ತೆ ಅಳೆಯಬೇಕು. ಮಗು ಪ್ರತಿ ಸಲವೂ ಹಲವು ದಿನ ವಾರ್ಡಿನಲ್ಲೇ ಇರಬೇಕು. ಹೀಗೆ ಹಲವು ಸಲ, ತಿಂಗಳುಗಟ್ಟಲೆ. ಎಚ್.ಐ.ವಿ. ಇರುವ ಮಗುವಿಗೆ ಅದರ ಔಷಧಿಯೂ ಜೊತೆಗೆ ನಡೆಯಬೇಕು. ಕಸಿ ಮಾಡಿದ ಮಗುವಿಗೆ ನಿರೋಧಕ ಶಕ್ತಿ ತಗ್ಗಿಸುವ ಗುಳಿಗೆಯನ್ನು ವೈದ್ಯರು ಕಡಿಮೆ ಮಾಡುತ್ತಾರೆ. ಎಲ್ಲ ಮಕ್ಕಳೂ ಉಳಿಯುತ್ತಾರೆಂದು ನಾನು ಹೇಳಲಾರೆ. ಬೇಗ ಬಂದ ಮಗುವಿಗೆ ದಾರಿ ಇದೆ, ತಡವಾಗಿ ಬಂದ ಮಗುವಿಗೆ ಆ ದಾರಿ ಕಿರಿದಾಗುತ್ತದೆ ಎಂದಷ್ಟೇ ಹೇಳಬಲ್ಲೆ.

ಈ ಮೆಥೊಟ್ರೆಕ್ಸೇಟಿನ ಚರಿತ್ರೆ ಕೇಳಿ. ಇದರ ಹಿಂದೆ ಇದ್ದವರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಬಡತನದಲ್ಲಿ ಓದಿದವರು, ಮಾವನ ಮತ್ತು ಒಂದು ಧರ್ಮನಿಧಿಯ ನೆರವಿನಿಂದ ಅಮೆರಿಕಾಕ್ಕೆ ಹೋದವರು. ಹಾರ್ವರ್ಡ್ ವಿಶ್ವವಿದ್ಯಾಲಯ ಅವರಿಗೆ ಖಾಯಂ ಸ್ಥಾನ ಕೊಡಲಿಲ್ಲ. ಲೆಡರ್ಲಿ ಕಂಪೆನಿಯ ಪ್ರಯೋಗಶಾಲೆಯಲ್ಲಿ ಅವರ ತಂಡ ಈ ಜಾತಿಯ ಔಷಧಿಗಳನ್ನು ತಯಾರಿಸಿತು; ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ನಮ್ಮ ಮಣ್ಣಿನ ಒಬ್ಬ ಬಡವನ ಮಗ ಲೋಕದ ಮಕ್ಕಳಿಗೆ ಕೊಟ್ಟ ಮದ್ದು ಶೆಟ್ಟಿಹಳ್ಳಿಯ ಮಗುವಿಗೆ ಅಟ್ಟದ ಮೇಲಿನ ಬೆಲ್ಲವಾಗಬೇಕೇ?

ಎಚ್.ಐ.ವಿ. ಔಷಧಿಯ ಕಥೆಯೂ ಅಂಥದ್ದೇ. 1996ರ ಸುಮಾರಿಗೆ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದಾಗ ಶ್ರೀಮಂತ ದೇಶಗಳಲ್ಲಿ ಏಡ್ಸ್ ರೋಗಿಗಳ ಮೆದುಳಿನ ಲಿಂಫೋಮಾ ಥಟ್ಟನೆ ಇಳಿಮುಖವಾಯಿತು. ಆದರೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಆ ಚಿಕಿತ್ಸೆಯನ್ನು ಬಡದೇಶಗಳ ಯಾವ ಕೂಲಿಗಾರ ಕೊಂಡಾನು? 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪೆನಿ ಅದನ್ನೇ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಮುಂದೆ ಬಂತು. ಹೇಗೆ ಸಾಧ್ಯವಾಯಿತು? ಔಷಧಿಯ ವಸ್ತುವಿನ ಮೇಲೆ ಏಕಸ್ವಾಮ್ಯ ಕೊಡುವುದಿಲ್ಲ ಎಂದು 1970ರ ಪೇಟೆಂಟ್ ಕಾಯಿದೆ ಹೇಳಿದ್ದರಿಂದ. 2005ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಕರಾರಿಗಾಗಿ ಆ ರಕ್ಷಣೆಯನ್ನು ಕಳಚಿದರು. ಕಾಯಿದೆಯ ಒಂದು ಸಾಲು ಮಗುವನ್ನು ಬದುಕಿಸಬಲ್ಲದು, ಇನ್ನೊಂದು ಸಾಲು ಕೊಲ್ಲಬಲ್ಲದು. ರಾಜಕೀಯ ನಮಗೇಕೆ ಎನ್ನುವವರು ಇದನ್ನು ಮನಗಾಣಲಿ.

ಜನರ ಒತ್ತಾಯದ ಫಲವಾಗಿ 2004ರ ಏಪ್ರಿಲ್ 1ರಿಂದ ಈ ಔಷಧಿಯನ್ನು ಸರ್ಕಾರವೇ ಉಚಿತವಾಗಿ ಕೊಡತೊಡಗಿತು. ಸೋಂಕು ಹೆಚ್ಚೆಂದು ಆಗ ಗುರುತಿಸಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. 2006ರ ಕೊನೆಗೆ ಮಕ್ಕಳಿಗೆಂದೇ ಪ್ರತ್ಯೇಕ ಕಾರ್ಯಕ್ರಮ ಬಂತು. ಇದಕ್ಕಿಂತಲೂ ದೊಡ್ಡ ಮಾತು: ಏನೂ ಚಿಕಿತ್ಸೆ ಇಲ್ಲದಿದ್ದರೆ ಸೋಂಕಿತ ತಾಯಿಯಿಂದ ಮಗುವಿಗೆ ನೂರಕ್ಕೆ 15ರಿಂದ 45ರ ತನಕ ಸೋಂಕು ದಾಟುತ್ತದೆ; ಗರ್ಭಿಣಿಗೆ ಸಕಾಲದಲ್ಲಿ ಔಷಧಿ ಸಿಕ್ಕರೆ ಅದು ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ಎಚ್.ಐ.ವಿ.ಯಿಂದ ಮಕ್ಕಳಿಗೆ ಬರುವ ಮೆದುಳಿನ ಲಿಂಫೋಮಾವನ್ನು ತಡೆಯುವ ಮೊದಲನೆಯ ಬಾಗಿಲು ಬೆಂಗಳೂರಿನಲ್ಲಿಲ್ಲ. ನಮ್ಮೂರಿನ ಗರ್ಭಿಣಿಯರ ತಪಾಸಣೆಯ ಕೋಣೆಯಲ್ಲಿದೆ. ಎರಡನೆಯ ಬಾಗಿಲು ತಿಂಗಳ ಔಷಧಿಯ ಕಿಟಕಿಯಲ್ಲಿದೆ. ಆ ಕಿಟಕಿಯ ಮುಂದೆ ನಿಲ್ಲಲು ತಾಯಿ ನಾಚಬೇಕಾಗಿ ಬಂದರೆ, ಅಥವಾ ಒಂದು ದಿನದ ಸಂಬಳ ಕಳೆಯಬೇಕಾಗಿ ಬಂದರೆ, ಉಚಿತ ಎಂಬುದು ಬಾಯಿಮಾತು.

ಸೋದರಿಯ ಪ್ರಶ್ನೆ

ಈಗ ಆ ಪ್ರಶ್ನೆಗೆ ಬರೋಣ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲೇ, ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂತು. ಕೂಲಿಗಾರನ ಹೆಂಡತಿ ಮಕ್ಕಳ ಚಿಕಿತ್ಸೆಯೂ ಇ.ಎಸ್.ಐ.ಗೆ ಸೇರಿದೆ. ಇದು ದುಡಿಯುವ ಜನ ಗೆದ್ದುಕೊಂಡ ಹಕ್ಕು, ಯಾರ ಭಿಕ್ಷೆಯೂ ಅಲ್ಲ. ಕೂಲಿಗಾರನಿಗೇ ಕ್ಯಾನ್ಸರ್ ಬಂದರೆ ಸಂಬಳದ ನೂರಕ್ಕೆ 80ರಷ್ಟನ್ನು ಎರಡು ವರ್ಷದವರೆಗೂ ಕೊಡುವ ಏರ್ಪಾಡು ಅದರಲ್ಲಿ ಉಂಟು. ಆದರೆ ಕಾಯಿಲೆ ಸಂಬಳ ಕೊಡುವುದು ವಿಮೆ ಮಾಡಿಸಿದವರ ಸ್ವಂತ ಕಾಯಿಲೆಗೆ. ಕೂಲಿಗಾರಳ ಐದು ವರ್ಷದ ಮಗುವಿಗೆ ಕ್ಯಾನ್ಸರ್ ಬಂದರೆ ಔಷಧಿ ಸಿಗುತ್ತದೆ, ಅವಳ ಸಂಬಳ ನಿಲ್ಲುತ್ತದೆ. ಐದು ವರ್ಷದ ಮಗು ವಾರ್ಡಿನಲ್ಲಿ ಒಂಟಿಯಾಗಿ ಇರುತ್ತದೆಯೇ? ಕಾಯಿದೆ ಬರೆದವರ ಮನೆಯಲ್ಲಿ ಮಕ್ಕಳಿರಲಿಲ್ಲವೇ?

ಚಿಲ್ಲರೆ ವ್ಯಾಪಾರಿಯ ಪಾಡು ಇನ್ನೂ ಕಷ್ಟ. ಇ.ಎಸ್.ಐ. ಅವನಿಗಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಎಂದು ಸಾರಿತು. ರೇಖೆಯ ಮೇಲಿನವರಿಗೆ ಗೊತ್ತುಮಾಡಿದ ದರದ ನೂರಕ್ಕೆ 30 ಪಾಲು ಮಾತ್ರ. ಬೀಡಿ, ಬೆಂಕಿಪೊಟ್ಟಣ, ಬಾಳೆಹಣ್ಣು ಮಾರುವವನನ್ನು ರೇಷನ್ ಕಾರ್ಡಿನ ಬಣ್ಣ ನೋಡಿ ಸಾಹುಕಾರನೆಂದರೆ ಅವನು ಏನು ಮಾಡಬೇಕು? ಅಂಗಡಿ ಮುಚ್ಚಿದ ದಿನ ಅವನ ಮನೆಯ ಒಲೆಯೂ ಮುಚ್ಚುತ್ತದೆ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ, ಆ ಒಂದು ಕಾಗದಕ್ಕಾಗಿ ತಲೆ ಎತ್ತಲಾಗದ ಮಗುವನ್ನು ಹೆಗಲ ಮೇಲೆ ಹೊತ್ತು ಕಿಟಕಿಯಿಂದ ಕಿಟಕಿಗೆ ಅಲೆಯಬಾರದು.

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಮೆದುಳಿನ ಕಾಯಿಲೆಗೆ ನಿಮ್ಹಾನ್ಸ್ ಇದೆ. ಇವೆಲ್ಲ ಜನರ ದುಡ್ಡಿನಲ್ಲಿ ಕಟ್ಟಿದವು, ನಾವು ಹೆಮ್ಮೆಪಡಬೇಕಾದವು. ನಮ್ಮ ಜಗಳ ಆ ಆಸ್ಪತ್ರೆಗಳೊಡನೆ ಅಲ್ಲ, ಅಲ್ಲಿಗೆ ಹೋಗುವ ದಾರಿಯೊಡನೆ.

ಕೆಲವರು ಕೇಳುತ್ತಾರೆ: ಇಷ್ಟು ಅಪರೂಪದ ರೋಗಕ್ಕೆ ಇಷ್ಟು ಗದ್ದಲವೇಕೆ? ರೋಗ ಅಪರೂಪ, ಒಪ್ಪಿದೆ. ದಾರಿ ಅಪರೂಪವಲ್ಲ. ಇದೇ ದಾರಿಯಲ್ಲಿ ರಕ್ತದ ಕ್ಯಾನ್ಸರಿನ ಮಗು ಹೋಗುತ್ತದೆ, ಮೆದುಳಿನ ಕ್ಷಯದ ಮಗು ಹೋಗುತ್ತದೆ, ಫಿಟ್ಸಿನ ಮಗು ಹೋಗುತ್ತದೆ. ಎಲ್ಲ ಮಕ್ಕಳ ಪಕ್ಕದಲ್ಲೂ ಸಂಬಳ ಕಳೆದುಕೊಂಡ ಒಬ್ಬ ತಾಯಿ, ಅಂಗಡಿ ಮುಚ್ಚಿದ ಒಬ್ಬ ತಂದೆ ಕೂತಿರುತ್ತಾರೆ. ಅಪರೂಪದ ಮಗುವಿಗೆ ಸರಿಯಾದ ದಾರಿ ಮಾಡಿದರೆ ಎಲ್ಲ ಮಕ್ಕಳಿಗೂ ದಾರಿಯಾಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಕ್ಯಾನ್ಸರ್ ಮುಂತಾದ ದೀರ್ಘ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಮಗುವಿನ ತಾಯಿ ಅಥವಾ ತಂದೆಗೆ, ಸ್ವಂತ ಕಾಯಿಲೆಗೆ ಕೊಡುವಂತೆಯೇ, ಇ.ಎಸ್.ಐ. ಸಂಬಳ ಕೊಡಲಿ. ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನು ಕಾಯಿದೆ ತಡೆಯಲಿ.

2. ಇ.ಎಸ್.ಐ. ಇಲ್ಲದ ಚಿಲ್ಲರೆ ವ್ಯಾಪಾರಿ, ಕೃಷಿ ಕೂಲಿಗಾರರಿಗೆ ಸರ್ಕಾರ ದಿನಭತ್ಯೆ ಕೊಡಲಿ. ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಾರ್ಡಿನ ಬಣ್ಣ ನೋಡುವುದು ನಿಲ್ಲಲಿ.

3. ಮೆದುಳಿನ ಗಡ್ಡೆಯ ಸಂಶಯವಿರುವ ಮಗುವಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಕಾಯಿಸದೆ ಸ್ಕ್ಯಾನು ಆಗಲಿ. ಶಿಫಾರಸು ಪತ್ರ ಅದೇ ದಿನ ಸಿಗಲಿ. ಜಿಲ್ಲಾ ವೈದ್ಯರೇ ಬೆಂಗಳೂರಿನ ವೈದ್ಯರೊಡನೆ ಮಾತಾಡಿ ಮಂಚ ಗೊತ್ತುಮಾಡಿ ಆಂಬುಲೆನ್ಸಿನಲ್ಲಿ ಕಳಿಸಲಿ.

4. ಎಚ್.ಐ.ವಿ. ಔಷಧಿ ಎಂದೂ ತೀರದಿರಲಿ, ಪಾಳಿ ಕೆಲಸದವರಿಗಾಗಿ ಸಂಜೆಯೂ ಭಾನುವಾರವೂ ಸಿಗಲಿ, ಗುಟ್ಟು ಕಾಪಾಡಲಿ.

5. ಪ್ರತಿ ಶಾಲೆಯ ಗೋಡೆಯ ಮೇಲೆ, ಮಕ್ಕಳಲ್ಲಿ ಕಾಣುವ ಅಪಾಯದ ಲಕ್ಷಣಗಳ ಪಟ್ಟಿ ಇರಲಿ.

ಐದನೆಯ ಬೇಡಿಕೆ ನನ್ನಂಥವರ ವಿರುದ್ಧವೇ ಇದೆ. ಇರಲಿ. ಆ ಪಟ್ಟಿ ಅಂದು ನನ್ನ ಕಣ್ಣ ಮುಂದಿದ್ದರೆ ಆ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿರಲಿಲ್ಲ, ಬಸ್ಸಿಗೆ ಹತ್ತಿಸುತ್ತಿದ್ದೆ.

ಸಂಗಾತಿಗಳೇ, ಈ ಬೇಡಿಕೆಗಳಿಗೆ ಸಹಿ ಸಂಗ್ರಹಿಸುವ ಕೆಲಸ ಗಿರಣಿ ಬಾಗಿಲಿನಲ್ಲೂ ಸಂತೆಯಲ್ಲೂ ನಡೆಯಬೇಕಾಗಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ. ನೀರಿಗಾಗಿ ಒಮ್ಮೆ ಊರು ಬಿಟ್ಟವರ ಮಕ್ಕಳು, ಮದ್ದಿಗಾಗಿ ಊರೂರು ಅಲೆಯಬಾರದು. ಸೋದರಿ, ನಿಮ್ಮ ಪ್ರಶ್ನೆಗೆ ಉತ್ತರ ಸರ್ಕಾರದ ಬಳಿ ಇದೆ. ಅದನ್ನು ಹೊರಡಿಸುವ ಶಕ್ತಿ ನಿಮ್ಮಂಥ ಸಾವಿರ ಮಂದಿಯ ಬಳಿ ಇದೆ. ಮುಂದಿನ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಬೇಡಿ. ವೇದಿಕೆಗೆ ಬನ್ನಿ.